‘ಅವರ ಮನೆ’ಗೆ ‘ಸುಸ್ ಕಾಸಾ’ ಏಕಾಗದು? ಸ್ಪ್ಯಾನಿಷ್ ಸಂಬಂಧವಾಚಕಗಳ ಕುರಿತು

ಪ್ರಶ್ನೆ: ನಾನು ಬೆಳಗಾವಿಯ ಉದ್ಯಮಬಾಗದಲ್ಲಿರುವ ಒಂದು ಕಾರ್ಖಾನೆಯ ರಫ್ತು ವಿಭಾಗದಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ನಮ್ಮ ಗ್ರಾಹಕರಲ್ಲಿ ಕೆಲವರು ಮೆಕ್ಸಿಕೊದವರಾದ್ದರಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ‘ಅವರ ಮನೆ’ ಎನ್ನಲು ‘ಸುಸ್ ಕಾಸಾ’ ಎಂದೂ, ‘ನಮ್ಮ ಪುಸ್ತಕ’ ಎನ್ನಲು ‘ನ್ವೆಸ್ತ್ರಾ ಲಿಬ್ರೊ’ ಎಂದೂ ಬರೆದಿದ್ದೆ. ಎರಡೂ ತಪ್ಪು ಎಂದು ತಿದ್ದಿದರು. ಅವರು ಎಂದರೆ ಬಹುವಚನ, ನಾನು ಸ್ತ್ರೀ. ಹಾಗಿದ್ದರೆ ತಪ್ಪಾದದ್ದು ಎಲ್ಲಿ? ಅವನ, ಅವಳ, ಅವರ, ನಿಮ್ಮ ಎಲ್ಲಕ್ಕೂ ‘ಸು’ ಒಂದೇ ಪದವಾದರೆ ಓದುವವರಿಗೆ ಅರ್ಥವಾಗುವುದಾದರೂ ಹೇಗೆ?

ಉತ್ತರ: ನಿಮ್ಮ ಎರಡು ತಪ್ಪುಗಳಿಗೂ ಮೂಲ ಒಂದೇ. ಕನ್ನಡದ ‘ನನ್ನ’, ‘ನಮ್ಮ’, ‘ಅವರ’ ಎಂಬ ರೂಪಗಳು ಷಷ್ಠೀ ವಿಭಕ್ತಿಯವು. ಅವು ಒಡೆಯ ಯಾರು ಎಂಬುದನ್ನು ಮಾತ್ರ ಹೇಳುತ್ತವೆ, ಮುಂದೆ ಬರುವ ನಾಮಪದ ಯಾವುದೇ ಇರಲಿ, ಅದಕ್ಕಾಗಿ ತಮ್ಮ ರೂಪವನ್ನು ಬದಲಿಸಿಕೊಳ್ಳುವುದಿಲ್ಲ. ನನ್ನ ಮನೆ, ನನ್ನ ಮನೆಗಳು, ನನ್ನ ತಮ್ಮ, ನನ್ನ ತಂಗಿಯರು ಎನ್ನುವಲ್ಲೆಲ್ಲ ‘ನನ್ನ’ ಹಾಗೆಯೇ ಉಳಿಯುತ್ತದೆ. ಸ್ಪ್ಯಾನಿಷ್‌ನಲ್ಲಿ ಇದೇ ಕೆಲಸವನ್ನು ಮಾಡುವ ಪದ, ಅಂದರೆ ಸಂಬಂಧವಾಚಕ, ವಿಶೇಷಣವಾಗಿರುವುದರಿಂದ, ಉಳಿದ ವಿಶೇಷಣಗಳಂತೆ ಅದೂ ತಾನು ಸೇರುವ ನಾಮಪದದ ಲಿಂಗ, ವಚನಗಳನ್ನು ಅನುಸರಿಸುತ್ತದೆ. ಶಾಲೆಯಲ್ಲಿ ಸಂಸ್ಕೃತ ಓದಿದ್ದರೆ ‘ಮಮ ಗೃಹಮ್’ ಮತ್ತು ‘ಮದೀಯಂ ಗೃಹಮ್’ ಎಂಬ ಎರಡು ಬಗೆಯ ಮಾತನ್ನು ನೆನಪಿಸಿಕೊಳ್ಳಿ. ‘ಮಮ’ ಬದಲಾಗದು, ‘ಮದೀಯ’ ಮಾತ್ರ ‘ಮದೀಯಃ ಪುತ್ರಃ’, ‘ಮದೀಯಾ ಮಾಲಾ’ ಎಂದು ನಾಮಪದದ ಹಿಂದೆಯೇ ನಡೆಯುತ್ತದೆ. ಕನ್ನಡ ‘ಮಮ’ದ ದಾರಿಯಲ್ಲಿದೆ, ಸ್ಪ್ಯಾನಿಷ್ ‘ಮದೀಯ’ದ ದಾರಿಯಲ್ಲಿದೆ.

ನಮ್ಮ ಭಾಗದವರಿಗೆ ಈ ದಾರಿ ಹೊಸದಲ್ಲ ಎಂಬುದೇ ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಬೆಳಗಾವಿಯ ಪೇಟೆಯಲ್ಲಿ ಓಡಾಡಿದವರ ಕಿವಿಗೆ ಮರಾಠಿಯ ‘ಮಾಝಾ ಭಾವು’, ‘ಮಾಝೀ ಬಹೀಣ್’, ‘ಮಾಝಂ ಘರ್’ ಬಿದ್ದೇ ಇರುತ್ತವೆ. ಮಾತನಾಡುವವರು ಗಂಡಸಾದರೂ ಹೆಂಗಸಾದರೂ ಅಣ್ಣತಮ್ಮನಿಗೆ ‘ಮಾಝಾ’, ಅಕ್ಕತಂಗಿಗೆ ‘ಮಾಝೀ’ ಎಂದೇ ಹೇಳುತ್ತಾರೆ. ವಿಜಯಪುರ, ಬಾಗಲಕೋಟೆಗಳ ದಖನಿ ಉರ್ದುವಿನಲ್ಲೂ ಹಿಂದಿಯಲ್ಲೂ ‘ಮೇರಾ’, ‘ಮೇರೀ’ ಹೀಗೆಯೇ ವರ್ತಿಸುತ್ತವೆ. ಆದರೂ ನಮ್ಮ ವಿದ್ಯಾರ್ಥಿಗಳು ಸ್ಪ್ಯಾನಿಷ್ ಪುಸ್ತಕವನ್ನು ತೆರೆದ ಕೂಡಲೇ ಇಂಗ್ಲಿಷಿನ ಮೂಲಕ ಯೋಚಿಸಲು ತೊಡಗುತ್ತಾರೆ. ಇಂಗ್ಲಿಷಿನಲ್ಲಿ ಈ ಹೊಂದಾಣಿಕೆಯೇ ಇಲ್ಲ. ಆದ್ದರಿಂದ ಆ ದಾರಿಯಲ್ಲಿ ಹೋದವರಿಗೆ ಎಲ್ಲವನ್ನೂ ಬಾಯಿಪಾಠ ಮಾಡುವ ಕಷ್ಟ ತಪ್ಪುವುದಿಲ್ಲ. ಸ್ಪ್ಯಾನಿಷ್‌ನ ಈ ಅಧ್ಯಾಯದ ಅರ್ಧವನ್ನು ಮರಾಠಿ ಅಥವಾ ಹಿಂದಿಯಿಂದಲೂ ಇನ್ನರ್ಧವನ್ನು ಕನ್ನಡದಿಂದಲೂ ಅರ್ಥಮಾಡಿಕೊಳ್ಳಬಹುದು. ಯಾವ ಅರ್ಧ ಯಾವ ಭಾಷೆಯದು ಎಂಬುದನ್ನು ಮುಂದೆ ತೋರಿಸುತ್ತೇನೆ.

ಮೊದಲು ರೂಪಗಳು. ‘ನನ್ನ’ ಎನ್ನಲು ‘ಮಿ’, ಏಕವಚನದ ‘ನಿನ್ನ’ ಎನ್ನಲು ‘ತು’, ಪ್ರಥಮ ಪುರುಷದ ‘ಅವನ, ಅವಳ, ಅದರ, ಅವರ’ ಎಲ್ಲಕ್ಕೂ ‘ಸು’. ಮುಂದಿನ ನಾಮಪದ ಬಹುವಚನದಲ್ಲಿದ್ದರೆ ಇವು ‘ಮಿಸ್’, ‘ತುಸ್’, ‘ಸುಸ್’ ಆಗುತ್ತವೆ. ಲಿಂಗಕ್ಕೆ ತಕ್ಕಂತೆ ಬದಲಾಗುವುದಿಲ್ಲ. ‘ನಮ್ಮ’ ಎನ್ನುವುದಕ್ಕೆ ಮಾತ್ರ ನಾಲ್ಕು ರೂಪಗಳಿವೆ: ಪುಲ್ಲಿಂಗ ಏಕವಚನಕ್ಕೆ ‘ನ್ವೆಸ್ತ್ರೊ’, ಸ್ತ್ರೀಲಿಂಗಕ್ಕೆ ‘ನ್ವೆಸ್ತ್ರಾ’, ಬಹುವಚನದಲ್ಲಿ ‘ನ್ವೆಸ್ತ್ರೊಸ್’ ಮತ್ತು ‘ನ್ವೆಸ್ತ್ರಾಸ್’. ಸ್ಪೇನ್ ದೇಶದಲ್ಲಿ ಆಪ್ತರಾದ ಹಲವರಿಗೆ ‘ನಿಮ್ಮ’ ಎನ್ನಲು ಬಳಸುವ ‘ಬ್ವೆಸ್ತ್ರೊ’ಗೂ ಇಂಥವೇ ನಾಲ್ಕು ರೂಪಗಳುಂಟು, ಆದರೆ ಲ್ಯಾಟಿನ್ ಅಮೆರಿಕದ ದಿನಬಳಕೆಯಲ್ಲಿ ಅದು ಇಲ್ಲ. ನಿಮ್ಮ ಪತ್ರವ್ಯವಹಾರ ಮೆಕ್ಸಿಕೊದವರೊಂದಿಗೆ ಎಂದ ಮೇಲೆ ಅದನ್ನು ಓದಿ ಗುರುತಿಸಲು ಬಂದರೆ ಸಾಕು.

ಈಗ ‘ಸುಸ್ ಕಾಸಾ’ವನ್ನು ನೋಡೋಣ. ‘ಸುಸ್’ನ ಕೊನೆಯಲ್ಲಿರುವ ‘ಸ್’ ಮನೆಗಳ ಲೆಕ್ಕವನ್ನು ಹೇಳುತ್ತದೆ, ಮನೆಯವರ ಲೆಕ್ಕವನ್ನಲ್ಲ. ಹತ್ತು ಜನ ಸೇರಿ ಒಂದೇ ಮನೆಯಲ್ಲಿದ್ದರೂ ಅದು ‘ಸು ಕಾಸಾ’. ಒಬ್ಬನೇ ಮನುಷ್ಯನಿಗೆ ನಾಲ್ಕು ಮನೆಗಳಿದ್ದರೆ ‘ಸುಸ್ ಕಾಸಾಸ್’. ಕನ್ನಡದಲ್ಲಿ ‘ಅವರ’ ಎಂಬುದು ಬಹುವಚನವೂ ಹೌದು, ಒಬ್ಬ ಹಿರಿಯರ ಬಗೆಗಿನ ಗೌರವವೂ ಹೌದು. ಹೀಗಾಗಿ ಗುರುಗಳ ಮನೆಯನ್ನು ಕುರಿತು ಬರೆಯುವಾಗಲೂ ನಮ್ಮ ಕೈ ತಾನಾಗಿ ‘ಸುಸ್’ ಎಂದು ಬರೆದುಬಿಡುತ್ತದೆ. ‘ಸುಸ್’ನಲ್ಲಿ ಗೌರವದ ಅಂಶ ಏನೂ ಇಲ್ಲ. ಬರೆಯುವ ಮುನ್ನ ಬೆರಳನ್ನು ವಸ್ತುವಿನ ಮೇಲೆ ಇಟ್ಟು ‘ಇದು ಒಂದೋ, ಹಲವೋ’ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಕೆಲವು ವಾರ ಪಾಲಿಸಿದರೆ ಈ ತಪ್ಪು ಬಿಟ್ಟುಹೋಗುತ್ತದೆ.

‘ನ್ವೆಸ್ತ್ರಾ ಲಿಬ್ರೊ’ದ ತೊಡಕೂ ಇದೇ ಜಾತಿಯದು. ನೀವು ಸ್ತ್ರೀ ಎಂಬ ಕಾರಣದಿಂದ ಪದವನ್ನು ಸ್ತ್ರೀಲಿಂಗ ಮಾಡಿದ್ದೀರಿ. ಆದರೆ ಲಿಂಗವನ್ನು ಪುಸ್ತಕದಿಂದ ಪಡೆಯಬೇಕು. ‘ಲಿಬ್ರೊ’ ಪುಲ್ಲಿಂಗವಾದ್ದರಿಂದ ಹೆಂಗಸರೇ ಸೇರಿ ಹೇಳಿದರೂ ‘ನ್ವೆಸ್ತ್ರೊ ಲಿಬ್ರೊ’, ಗಂಡಸರೇ ಸೇರಿ ಹೇಳಿದರೂ ‘ನ್ವೆಸ್ತ್ರಾ ಕಾಸಾ’. ಕನ್ನಡದಲ್ಲಿ ನಿರ್ಜೀವ ವಸ್ತುಗಳೆಲ್ಲ ನಪುಂಸಕಲಿಂಗಕ್ಕೆ ಸೇರುವುದರಿಂದ ಮೇಜು ಸ್ತ್ರೀ, ಪುಸ್ತಕ ಪುರುಷ ಎನ್ನುವುದು ನಮಗೆ ವಿಚಿತ್ರವೆನಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮರಾಠಿಯಿಂದ ಹೊಂದಾಣಿಕೆಯ ಪದ್ಧತಿಯನ್ನು ಮಾತ್ರ ತೆಗೆದುಕೊಳ್ಳಿ, ಲಿಂಗಗಳನ್ನು ತೆಗೆದುಕೊಳ್ಳಬೇಡಿ. ಮರಾಠಿಯಲ್ಲಿ ಮನೆ ನಪುಂಸಕ, ಸ್ಪ್ಯಾನಿಷ್‌ನಲ್ಲಿ ಸ್ತ್ರೀಲಿಂಗ. ಕೈ ಎಂಬರ್ಥದ ಮರಾಠಿಯ ‘ಹಾತ್’ ಪುಲ್ಲಿಂಗ, ಸ್ಪ್ಯಾನಿಷ್‌ನ ‘ಮಾನೊ’ ಸ್ತ್ರೀಲಿಂಗ. ‘ಮಾನೊ’ ಒಕಾರಾಂತವಾಗಿದ್ದೂ ಸ್ತ್ರೀಲಿಂಗ, ‘ಪ್ರೊಬ್ಲೇಮಾ’ (ಸಮಸ್ಯೆ) ಮತ್ತು ‘ದೀಯಾ’ (ದಿನ) ಆಕಾರಾಂತವಾಗಿದ್ದೂ ಪುಲ್ಲಿಂಗ. ಆದ್ದರಿಂದ ‘ನ್ವೆಸ್ತ್ರೊ ಪ್ರೊಬ್ಲೇಮಾ’ ಎಂಬುದೇ ಸರಿ. ನೀರಿಗೆ ‘ಎಲ್ ಆಗ್ವಾ’ ಎಂದು ಪುಲ್ಲಿಂಗದ ಉಪಪದ (ಇಂಗ್ಲಿಷಿನ ‘ದಿ’ಯಂಥ ಪದ) ಹಚ್ಚಿರುವುದನ್ನು ನೋಡಿ ‘ನ್ವೆಸ್ತ್ರೊ ಆಗ್ವಾ’ ಎಂದು ಬರೆಯುವವರಿದ್ದಾರೆ. ಅಲ್ಲಿ ಸ್ತ್ರೀಲಿಂಗದ ‘ಲಾ’ ಬದಲು ‘ಎಲ್’ ಬಂದಿರುವುದು ಎರಡು ಆಕಾರಗಳು ಒಂದಕ್ಕೊಂದು ತಾಗಬಾರದೆಂಬ ಉಚ್ಚಾರದ ಕಾರಣದಿಂದ; ಪದ ಸ್ತ್ರೀಲಿಂಗವೇ, ಆದ್ದರಿಂದ ‘ನ್ವೆಸ್ತ್ರಾ ಆಗ್ವಾ’ ಎನ್ನಬೇಕು. ಜನ ಎಂಬರ್ಥದ ‘ಹೆಂತೆ’ಯೂ ಗಮನಿಸಬೇಕಾದ ಪದ. ನಾವು ‘ನಮ್ಮ ಜನ ಬಂದರು’ ಎಂದು ಬಹುವಚನದ ಕ್ರಿಯಾಪದವನ್ನು ಹಚ್ಚುತ್ತೇವೆ. ಸ್ಪ್ಯಾನಿಷ್‌ನಲ್ಲಿ ಅದು ಸ್ತ್ರೀಲಿಂಗ ಏಕವಚನವಾದ್ದರಿಂದ ‘ನ್ವೆಸ್ತ್ರಾ ಹೆಂತೆ’ ಎಂದಾಗುತ್ತದೆ.

ಎರಡು ವಸ್ತುಗಳು ಒಟ್ಟಿಗೆ ಬಂದಾಗ ಕನ್ನಡದಲ್ಲಿ ‘ನನ್ನ ತಂದೆ ತಾಯಿ’ ಎಂದು ಒಮ್ಮೆ ಹೇಳಿದರೆ ಸಾಕು. ಸ್ಪ್ಯಾನಿಷ್‌ನಲ್ಲಿ ‘ಮಿ ಪಾದ್ರೆ ಇ ಮಿ ಮಾದ್ರೆ’ ಎಂದು ಪ್ರತಿಯೊಂದಕ್ಕೂ ಬೇರೆಯಾಗಿ ಹೇಳುವುದೇ ಕ್ರಮ. ಈ ಸಂಬಂಧವಾಚಕಗಳ ಮೊದಲು ‘ಎಲ್’, ‘ಲಾ’ ಎಂಬ ಉಪಪದಗಳೂ ಇಂದಿನ ಶಿಷ್ಟ ಸ್ಪ್ಯಾನಿಷ್‌ನಲ್ಲಿ ಬರುವುದಿಲ್ಲ. ಇದನ್ನು ಹೇಳಲು ಕಾರಣವಿದೆ: ಬೆಳಗಾವಿಗೆ ಗೋವಾ ಹತ್ತಿರ, ಅಲ್ಲಿಯ ಹಿರಿಯರಿಂದ ಒಂದಿಷ್ಟು ಪೋರ್ಚುಗೀಸ್ ಕಲಿತವರು ಆ ಭಾಷೆಯ ರೂಢಿಯಂತೆ ಸ್ಪ್ಯಾನಿಷ್‌ನಲ್ಲೂ ಉಪಪದವನ್ನು ಸೇರಿಸಿಬಿಡುತ್ತಾರೆ.

ನಿಮ್ಮ ಮೂರನೆಯ ಪ್ರಶ್ನೆ ನಿಜಕ್ಕೂ ಒಳ್ಳೆಯದು. ಕನ್ನಡ ಒಡೆಯನ ವಿಷಯದಲ್ಲಿ ಬಹಳ ಸೂಕ್ಷ್ಮವಾದ ಭಾಷೆ: ಅವನ, ಅವಳ, ಅದರ, ಅವರ, ಇವುಗಳ ಮೇಲೆ ‘ತನ್ನ’ ಮತ್ತು ‘ತಮ್ಮ’. ‘ಅವನು ತನ್ನ ತಮ್ಮನೊಂದಿಗೆ ಹೋದನು’ ಎಂಬುದಕ್ಕೂ ‘ಅವನು ಅವನ ತಮ್ಮನೊಂದಿಗೆ ಹೋದನು’ ಎಂಬುದಕ್ಕೂ ಶಿಷ್ಟ ಕನ್ನಡದಲ್ಲಿ ವ್ಯತ್ಯಾಸವಿದೆ. ಸ್ಪ್ಯಾನಿಷ್ ಇವೆಲ್ಲವನ್ನೂ ‘ಸು’ ಎಂಬ ಒಂದೇ ಪದಕ್ಕೆ ಒಪ್ಪಿಸಿದೆ. ‘ಹ್ವಾನ್ ಸಲ್ಯೋ ಕೊನ್ ಸು ಎರ್ಮಾನೊ’ ಎಂದರೆ ಹ್ವಾನ್ ತನ್ನ ತಮ್ಮನೊಂದಿಗೆ ಹೊರಟ ಎಂದೇ ಓದುವವರು ಮೊದಲು ತಿಳಿಯುತ್ತಾರೆ, ಏಕೆಂದರೆ ಬೇರೆ ಸೂಚನೆ ಇಲ್ಲದಾಗ ವಾಕ್ಯದ ಕರ್ತೃವೇ ಒಡೆಯ. ಆದರೆ ‘ಹ್ವಾನ್ ಅಬ್ಲೋ ಕೊನ್ ಮರಿಯಾ ಇ ಕೊನ್ ಸು ಎರ್ಮಾನೊ’, ಅಂದರೆ ಹ್ವಾನ್ ಮರಿಯಾಳೊಂದಿಗೂ ತಮ್ಮನೊಂದಿಗೂ ಮಾತನಾಡಿದ, ಎಂಬಲ್ಲಿ ತಮ್ಮ ಯಾರವನು ಎಂಬುದು ಸ್ಪಷ್ಟವಿಲ್ಲ. ಇಂಥ ಕಡೆ ಸ್ಪ್ಯಾನಿಷ್ ಭಾಷಿಕರು ‘ಸು’ವನ್ನು ಬಿಟ್ಟು ‘ಎಲ್ ಎರ್ಮಾನೊ ದೆ ಎಯಾ’ ಎಂದು ಬಿಡಿಸಿ ಹೇಳುತ್ತಾರೆ. ‘ದೆ ಎಲ್’ ಎಂದರೆ ಅವನ, ‘ದೆ ಎಯಾ’ ಅವಳ, ‘ದೆ ಎಯೊಸ್’ ಅವರ, ‘ದೆ ಉಸ್ತೇದ್’ ಗೌರವದ ನಿಮ್ಮ, ‘ದೆ ಉಸ್ತೇದೆಸ್’ ಹಲವರಾದ ನಿಮ್ಮ. ಅಸ್ಪಷ್ಟತೆ ಇದ್ದಲ್ಲಿ ಇದನ್ನು ಧಾರಾಳವಾಗಿ ಬಳಸಿ. ವ್ಯಾಪಾರದ ಪತ್ರದಲ್ಲಿ ‘ಯಾರ ಬಿಲ್ಲು’ ಎಂಬ ಗೊಂದಲಕ್ಕೆ ಎಡೆ ಇರಬಾರದು.

ಗೌರವದ ‘ನಿಮ್ಮ’ ಎಂಬುದಕ್ಕೂ ಪ್ರಥಮ ಪುರುಷದ ‘ಸು’ವೇ ಏಕೆ ಬಂತು ಎಂಬುದು ತಿಳಿದರೆ ಅರ್ಧ ಗೊಂದಲ ತಾನೇ ಕಳೆಯುತ್ತದೆ. ‘ಉಸ್ತೇದ್’ ಎಂಬ ಸರ್ವನಾಮ ಹುಟ್ಟಿದ್ದು ‘ಬ್ವೆಸ್ತ್ರಾ ಮೆರ್ಸೇದ್’ ಎಂಬ ಹಳೆಯ ಗೌರವದ ಸಂಬೋಧನೆಯಿಂದ. ಅದರ ಅರ್ಥ ‘ತಮ್ಮ ಕೃಪೆ’ ಎಂಬಂತಹದು. ಎದುರಿಗಿರುವವರನ್ನು ನೇರವಾಗಿ ಕರೆಯದೆ ಅವರ ದೊಡ್ಡತನವನ್ನು ಕುರಿತು ಮಾತನಾಡಿದ್ದರಿಂದ ಕ್ರಿಯಾಪದವೂ ಸಂಬಂಧವಾಚಕವೂ ಪ್ರಥಮ ಪುರುಷದಲ್ಲೇ ನಿಂತವು. ನಮ್ಮಲ್ಲಿಯೂ ಹೀಗೆಯೇ ಆಗಿದೆ. ‘ಅವರು ತಮ್ಮ ಊರಿಗೆ ಹೋದರು’ ಎಂಬಲ್ಲಿ ಪ್ರಥಮ ಪುರುಷಕ್ಕೆ ಸೇರಿದ ‘ತಮ್ಮ’ ಎಂಬ ಪದವೇ, ಅಪರಿಚಿತ ಹಿರಿಯರನ್ನು ‘ತಮ್ಮ ಊರು ಯಾವುದು?’ ಎಂದು ಕೇಳುವಾಗ ಮಧ್ಯಮ ಪುರುಷದ ಗೌರವವಾಗುತ್ತದೆ. ಕನ್ನಡದ ‘ತಮ್ಮ’ ಈ ಎರಡು ಕೆಲಸಗಳನ್ನು ಮಾಡುವಂತೆಯೇ ‘ಸು’ ಕೂಡ ಮಾಡುತ್ತದೆ ಎಂದುಕೊಂಡರೆ, ಗ್ರಾಹಕರಿಗೆ ‘ಸು ಪೆದೀದೊ’ ಎಂದು ಬರೆಯುವಾಗ ಕೈ ಅಳುಕುವುದಿಲ್ಲ: ತಮ್ಮ ಆರ್ಡರು, ಸು ಪೆದೀದೊ. ಲ್ಯಾಟಿನ್ ಅಮೆರಿಕದ ಮಾತಿನಲ್ಲಿ ‘ಸು’ ಎಂದೊಡನೆ ಮೊದಲು ‘ತಮ್ಮ’ ಎಂಬ ಅರ್ಥವೇ ಹೊಳೆಯುವುದರಿಂದ, ಮೂರನೆಯವರ ವಸ್ತುವಿಗೆ ‘ದೆ ಎಲ್’, ‘ದೆ ಎಯೊಸ್’ ಎನ್ನುವ ರೂಢಿ ಅಲ್ಲಿ ಇನ್ನೂ ಹೆಚ್ಚು.

ಮೆಕ್ಸಿಕೊದವರ ಒಂದು ಸೌಜನ್ಯದ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತಮ್ಮ ಸ್ವಂತ ಮನೆಯ ಬಗ್ಗೆ ಮಾತನಾಡುವಾಗ ಅವರು ‘ಸು ಕಾಸಾ’ ಎಂದೋ, ಇನ್ನೂ ಒತ್ತಿ ‘ಸು ಕಾಸಾ ದೆ ಉಸ್ತೇದ್’ ಎಂದೋ ಹೇಳುವುದುಂಟು. ‘ನಿಮ್ಮದೇ ಮನಿ ಅಂತ ತಿಳೀರಿ’ ಎಂದು ನಾವು ಹೇಳುವ ಭಾವವೇ ಅದು. ವ್ಯತ್ಯಾಸವೆಂದರೆ ಅವರು ‘ಅಂತ ತಿಳೀರಿ’ ಎನ್ನುವುದನ್ನೂ ಬಿಟ್ಟಿದ್ದಾರೆ. ಭಾನುವಾರ ‘ಸು ಕಾಸಾ’ದಲ್ಲಿ ಊಟ ಎಂದು ಯಾರಾದರೂ ಆಮಂತ್ರಿಸಿದರೆ ಅಡುಗೆ ಅವರ ಮನೆಯಲ್ಲೇ ಎಂದು ತಿಳಿಯಬೇಕು.

‘ನಮ್ಮ’ ಎಂಬುದರಲ್ಲಿ ನಮ್ಮ ಕಡೆಯವರಿಗೇ ವಿಶೇಷವಾದ ಒಂದು ಅಡಚಣೆಯಿದೆ. ‘ನಮ್ಮಪ್ಪ ಹೊಲಕ್ಕ ಹೋಗ್ಯಾನ’, ‘ನಮ್ಮವ್ವ ಊರಾಗ ಇಲ್ಲ’, ‘ನಮ್ಮಕ್ಕನ್ನ ಜಮಖಂಡಿಗೆ ಕೊಟ್ಟೇವಿ’ ಎನ್ನುತ್ತೇವೆ. ಒಬ್ಬನೇ ಮಗನಾದವನೂ ‘ನನ್ನಪ್ಪ’ ಎನ್ನುವುದು ಅಪರೂಪ. ಮನೆಯನ್ನು, ಮನೆಯವರನ್ನು ತನ್ನೊಬ್ಬನವರೆಂದು ಹೇಳಿಕೊಳ್ಳುವುದು ನಮಗೆ ಒಗ್ಗುವುದಿಲ್ಲ. ಇದನ್ನು ಹಾಗೆಯೇ ‘ನ್ವೆಸ್ತ್ರೊ ಪಾದ್ರೆ’ ಎಂದು ಬರೆದರೆ, ಓದುವವರು ಒಡಹುಟ್ಟಿದವರೆಲ್ಲರ ಪರವಾಗಿ ಮಾತನಾಡುತ್ತಿದ್ದೀರೆಂದೋ, ಕೇಳುವವರಿಗೂ ಅವರೇ ತಂದೆಯೆಂದೋ ತಿಳಿದಾರು. ಕ್ರೈಸ್ತರ ಪ್ರಾರ್ಥನೆಯಲ್ಲಿ ದೇವರನ್ನು ‘ಪಾದ್ರೆ ನ್ವೆಸ್ತ್ರೊ’ ಎಂದು ಕರೆಯುವುದೂ ಎಲ್ಲರ ತಂದೆ ಎಂಬ ಅರ್ಥದಲ್ಲಿಯೇ. ನೀವೊಬ್ಬರೇ ನಿಮ್ಮ ಕುಟುಂಬದ ಬಗ್ಗೆ ಹೇಳುವಾಗ ‘ಮಿ ಪಾದ್ರೆ’, ‘ಮಿ ಎರ್ಮಾನಾ’, ‘ಮಿ ಕಾಸಾ’ ಎಂದೇ ಬರೆಯಿರಿ. ಅದರಲ್ಲಿ ಅಹಂಕಾರದ ಧ್ವನಿ ಇಲ್ಲ. ಗಂಡನನ್ನು ‘ನಮ್ಮ ಮನೆಯವರು’ ಎಂದು ಕರೆಯುವವರೂ ಸ್ಪ್ಯಾನಿಷ್‌ನಲ್ಲಿ ‘ಮಿ ಎಸ್ಪೋಸೊ’ ಎನ್ನಬೇಕಾಗುತ್ತದೆ. ಕಾರ್ಖಾನೆಯ ಪರವಾಗಿ ಬರೆಯುವಾಗಲಾದರೆ ‘ನ್ವೆಸ್ತ್ರಾ ಎಂಪ್ರೇಸಾ’ (ನಮ್ಮ ಕಂಪನಿ) ಸಹಜವೇ, ಏಕೆಂದರೆ ಅಲ್ಲಿ ಹಲವರ ಪರವಾಗಿಯೇ ಮಾತನಾಡುತ್ತಿದ್ದೀರಿ.

ಇದಕ್ಕೆ ಪ್ರತಿಯಾಗಿ, ದೇಹದ ಅಂಗಗಳ ವಿಷಯದಲ್ಲಿ ಕನ್ನಡವೇ ಅತ್ಯುತ್ತಮ ಗುರು. ತಲೆ ನೋಯುವಾಗ ನಾವು ‘ನನಗೆ ತಲೆ ನೋಯುತ್ತಿದೆ’ ಎನ್ನುತ್ತೇವೆ. ನೋವು ಯಾರಿಗೆ ಎಂಬುದು ಚತುರ್ಥಿಯಲ್ಲಿ ಬಂದ ಮೇಲೆ ತಲೆ ಯಾರದ್ದೆಂದು ಮತ್ತೆ ಹೇಳುವುದಿಲ್ಲ. ಸ್ಪ್ಯಾನಿಷ್‌ನ ‘ಮೆ ದ್ವೇಲೆ ಲಾ ಕಬೇಸಾ’ ಕೂಡ ಹೀಗೆಯೇ: ‘ಮೆ’ ಎಂದರೆ ನನಗೆ, ‘ಲಾ ಕಬೇಸಾ’ ಎಂದರೆ ಬರಿಯ ತಲೆ, ‘ಮಿ’ ಇಲ್ಲ. ಇಂಗ್ಲಿಷಿನಿಂದ ಅನುವಾದಿಸುವವರು ‘ಮಿ ಕಬೇಸಾ’ ಎಂದು ಸೇರಿಸಿ ವಾಕ್ಯವನ್ನು ಕೆಡಿಸುತ್ತಾರೆ. ಕೈ ತೊಳೆಯುವುದು, ಅಂಗಿ ತೊಡುವುದು ಮುಂತಾದವುಗಳಲ್ಲಿ ನಮ್ಮ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ ಮಾಡುವ ಕೆಲಸವನ್ನೇ ಅಲ್ಲಿ ‘ಮೆ’, ‘ತೆ’, ‘ಸೆ’ಗಳು ಮಾಡುತ್ತವೆ. ‘ಕೈ ತೊಳೆದುಕೊಂಡೆ’ ಎಂಬುದು ‘ಮೆ ಲಬೇ ಲಾಸ್ ಮಾನೊಸ್’. ‘ಅಂಗಿ ಹಾಕಿಕೊಂಡೆ’ ಎಂಬುದು ‘ಮೆ ಪೂಸೆ ಲಾ ಕಮೀಸಾ’. ‘ಕೊಂಡೆ’ ಎಂದ ಮೇಲೆ ಕೈ ನನ್ನದೇ ಎಂದು ಕನ್ನಡಿಗರಿಗೆ ಹೇಳಬೇಕಿಲ್ಲ, ಸ್ಪ್ಯಾನಿಷ್ ಭಾಷಿಕರಿಗೂ ಬೇಕಿಲ್ಲ. ಹಲವರು ಮುಖ ತೊಳೆದುಕೊಂಡರೂ ತಲಾ ಒಂದೇ ಮುಖವಾದ್ದರಿಂದ ‘ಸೆ ಲಬಾರೊನ್ ಲಾ ಕಾರಾ’ ಎಂದು ಏಕವಚನದಲ್ಲಿಯೇ ಬರುತ್ತದೆ. ಇದೂ ‘ಎಲ್ಲರೂ ಮುಖ ತೊಳೆದುಕೊಂಡರು’ ಎಂಬ ನಮ್ಮ ಮಾತಿನಂತೆಯೇ ಇದೆ. ಅಂಗವೇ ವಾಕ್ಯದ ಕರ್ತೃವಾಗಿ ಅದರ ಗುಣವನ್ನು ಹೇಳುವಾಗ ಮಾತ್ರ ಸಂಬಂಧವಾಚಕ ಮರಳುತ್ತದೆ: ‘ತುಸ್ ಮಾನೊಸ್ ಎಸ್ತಾನ್ ಫ್ರೀಯಾಸ್’, ನಿನ್ನ ಕೈ ತಣ್ಣಗಿವೆ.

ನಾಮಪದಕ್ಕೆ ಮೊದಲು ನಿಲ್ಲುವ ಈ ಕಿರುರೂಪಗಳಲ್ಲದೆ, ಅದರ ನಂತರ ಅಥವಾ ಅದಿಲ್ಲದೆಯೂ ಬರುವ ದೀರ್ಘರೂಪಗಳಿವೆ: ‘ಮೀಯೊ’, ‘ತೂಯೊ’, ‘ಸೂಯೊ’, ಮತ್ತು ಹಿಂದಿನಂತೆಯೇ ‘ನ್ವೆಸ್ತ್ರೊ’. ಇವೆಲ್ಲಕ್ಕೂ ಲಿಂಗ, ವಚನಗಳ ನಾಲ್ಕು ನಾಲ್ಕು ರೂಪಗಳುಂಟು. ಇವುಗಳಿಗೆ ಸರಿಜೋಡಿ ಕನ್ನಡದ ‘ನನ್ನದು’, ‘ನನ್ನವು’, ‘ನನ್ನವನು’, ‘ನನ್ನವಳು’. ಗಮನಿಸಿ, ಇಲ್ಲಿ ಕನ್ನಡವೂ ವಸ್ತುವನ್ನು ನೋಡಿ ರೂಪ ಬದಲಿಸುತ್ತದೆ. ‘ಈ ಪುಸ್ತಕ ನನ್ನದು’, ‘ಈ ಪುಸ್ತಕಗಳು ನನ್ನವು’ ಎನ್ನುವಾಗ ನಾವು ಒಡೆಯನನ್ನು ನೋಡಿ ಬದಲಿಸಿದವರಲ್ಲ. ಆದ್ದರಿಂದ ‘ಎಸ್ತೆ ಲಿಬ್ರೊ ಎಸ್ ಮೀಯೊ’ ಎಂದು ನೀವೂ ಹೇಳಬೇಕು, ನಿಮ್ಮ ಅಣ್ಣನೂ ಹೇಳಬೇಕು; ಮನೆಯಾದರೆ ಇಬ್ಬರೂ ‘ಎಸ್ತಾ ಕಾಸಾ ಎಸ್ ಮೀಯಾ’ ಎನ್ನಬೇಕು. ‘ಮಿ ಅಮೀಗೊ’ ಎಂದರೆ ಯಾರೆಂದು ಗೊತ್ತಿರುವ ನನ್ನ ಗೆಳೆಯ, ‘ಉನ್ ಅಮೀಗೊ ಮೀಯೊ’ ಎಂದರೆ ನನ್ನ ಗೆಳೆಯರಲ್ಲೊಬ್ಬ. ಒಂದರೊಡನೆ ಇನ್ನೊಂದನ್ನು ಹೋಲಿಸುವಾಗ ಈ ರೂಪಗಳ ಮೊದಲು ಉಪಪದ ಬರುತ್ತದೆ: ತಮ್ಮ ದರ ಮತ್ತು ನಮ್ಮದು ಎನ್ನಲು ‘ಸು ಪ್ರೇಸ್ಯೊ ಇ ಎಲ್ ನ್ವೆಸ್ತ್ರೊ’. ‘ನನ್ನ ಹಿಂದೆ’ ಎನ್ನಲು ಆಡುಮಾತಿನಲ್ಲಿ ‘ದೆತ್ರಾಸ್ ಮೀಯೊ’ ಎನ್ನುವವರಿದ್ದಾರೆ. ಎಚ್ಚರದ ಬರವಣಿಗೆಯಲ್ಲಿ ‘ದೆತ್ರಾಸ್ ದೆ ಮಿ’ ಎಂದೇ ಬರೆಯಬೇಕು. ಈ ಕೊನೆಯ ‘ಮಿ’ ಸರ್ವನಾಮವಾದ್ದರಿಂದ ರೋಮನ್ ಲಿಪಿಯಲ್ಲಿ ಅದರ ಸ್ವರದ ಮೇಲೆ ಓರೆಗೆರೆ ಬೀಳುತ್ತದೆ, ಸಂಬಂಧವಾಚಕ ‘ಮಿ’ಗೆ ಗೆರೆ ಇಲ್ಲ. ‘ನೀನು’ ಎಂಬರ್ಥದ ‘ತು’ವಿಗೆ ಗೆರೆಯುಂಟು, ‘ನಿನ್ನ’ ಎಂಬರ್ಥದ ‘ತು’ವಿಗಿಲ್ಲ. ಉಚ್ಚಾರ ಒಂದೇ ಆದರೂ ಪತ್ರದಲ್ಲಿ ಈ ಗೆರೆ ತಪ್ಪಿದರೆ ಅದು ಕಾಗುಣಿತದ ತಪ್ಪೆಂದೇ ಗಣನೆ.

ಇನ್ನು ನಿಮ್ಮ ಕೆಲಸಕ್ಕೆ ನೇರವಾಗಿ ಬರುವ ಕೆಲವು ವಾಕ್ಯಗಳು. ತಮ್ಮ ಆರ್ಡರು ತಲುಪಿದೆ ಎನ್ನಲು ‘ಎಮೊಸ್ ರೆಸಿಬೀದೊ ಸು ಪೆದೀದೊ’. ಆರ್ಡರುಗಳು ಎರಡಿದ್ದರೆ, ಕಳುಹಿಸಿದವರು ಒಬ್ಬರೇ ಆದರೂ, ‘ಸುಸ್ ಪೆದೀದೊಸ್’. ನಮ್ಮ ಬಿಲ್ಲನ್ನೂ ದರಗಳನ್ನೂ ಕಳುಹಿಸುತ್ತಿದ್ದೇವೆ ಎನ್ನಲು ‘ಲೆಸ್ ಎಂಬಿಯಾಮೊಸ್ ನ್ವೆಸ್ತ್ರಾ ಫಾಕ್ತೂರಾ ಇ ನ್ವೆಸ್ತ್ರೊಸ್ ಪ್ರೇಸ್ಯೊಸ್’. ಬಿಲ್ಲು ಸ್ತ್ರೀಲಿಂಗ ಏಕವಚನ, ದರಗಳು ಪುಲ್ಲಿಂಗ ಬಹುವಚನವಾದ್ದರಿಂದ ಸಂಬಂಧವಾಚಕ ಎರಡು ಬಾರಿ ಎರಡು ರೂಪಗಳಲ್ಲಿ ಬಂದಿದೆ. ಮಾದರಿಗಳನ್ನು ಕಳುಹಿಸುವಾಗ ‘ನ್ವೆಸ್ತ್ರಾಸ್ ಮ್ವೆಸ್ತ್ರಾಸ್’. ಉತ್ತರದ ನಿರೀಕ್ಷೆಯಲ್ಲಿದ್ದೇವೆ ಎಂದು ಮುಗಿಸಲು ‘ಎಸ್ಪೆರಾಮೊಸ್ ಸು ರೆಸ್ಪ್ವೇಸ್ತಾ’. ಪತ್ರ ಇಡೀ ಕಂಪನಿಯ ಹೆಸರಿಗೆ ಹೋಗುತ್ತಿದ್ದರೂ ಉತ್ತರ ಒಂದೇ ಆದ್ದರಿಂದ ಅಲ್ಲಿ ‘ಸುಸ್’ ಬರುವುದಿಲ್ಲ.